ಆಮ್ಲಜನಕದ ಕಾಂತಗುಣವೂ ರೋಹಿತವೂ: ಒಂದು ಪಾಠದ ಇತಿಹಾಸ

೧

ಆಮ್ಲಜನಕವೆಂಬುದು ಕನ್ನಡದ ಪಾಠಪುಸ್ತಕಗಳಲ್ಲಿ ಬೇರೂರಿ ನಿಂತಿರುವ ಹೆಸರು. ಫ್ರಾನ್ಸಿನ ರಸಾಯನಜ್ಞನಾದ ಲವಾಸಿಯೆಯು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಗ್ರೀಕ್ ಧಾತುಗಳಿಂದ ಕಟ್ಟಿದ ಶಬ್ದವನ್ನು ಸಂಸ್ಕೃತದ ಅಚ್ಚಿಗೆ ಹೊಯ್ದಾಗ ದೊರೆತ ರೂಪವಿದು. ಹುಳಿಯನ್ನು ಹುಟ್ಟಿಸತಕ್ಕದ್ದು ಎಂದು ಇದರ ಅರ್ಥ. ಆಮ್ಲಗಳಿಗೆಲ್ಲ ಈ ಅನಿಲವೇ ಮೂಲವೆಂದು ಲವಾಸಿಯೆ ನಂಬಿದ್ದನು. ಇಂಗ್ಲೆಂಡಿನ ಡೇವಿಯು ೧೮೧೦ರಲ್ಲಿ ಕ್ಲೋರೀನು ಒಂದು ಮೂಲವಸ್ತುವೆಂದೂ, ಅದರಿಂದಾಗುವ ಆಮ್ಲದಲ್ಲಿ ಆಮ್ಲಜನಕದ ಲೇಶವೂ ಇಲ್ಲವೆಂದೂ ವಾದಿಸಿ ಸ್ಥಾಪಿಸಿದನು. ಸಿದ್ಧಾಂತವು ಬಿದ್ದುಹೋಯಿತು, ಹೆಸರು ಉಳಿಯಿತು. ಆದರೆ ಹೆಸರಿನ ಅರ್ಥವನ್ನು ಹಿಡಿದುಕೊಂಡು ಯಾರೂ ರಸಾಯನಶಾಸ್ತ್ರವನ್ನು ಕಲಿಯುವುದಿಲ್ಲವಾದ್ದರಿಂದ ಈ ದೋಷದಿಂದ ಹಾನಿಯೇನೂ ಆಗಿಲ್ಲ.

ಹಾನಿಗೆ ಎಡೆಗೊಡುವುದು ಹೆಸರಲ್ಲ, ಚಿತ್ರ. ಎರಡು ಪರಮಾಣುಗಳನ್ನು ಎರಡು ಗೆರೆಗಳಿಂದ ಜೋಡಿಸಿ ಆಮ್ಲಜನಕದ ಅಣುವನ್ನು ಬರೆಯುವ ಪದ್ಧತಿ ಎಲ್ಲ ದೇಶಗಳ ಪಾಠಶಾಲೆಗಳಲ್ಲಿಯೂ ಇದೆ. ಒಂದೊಂದು ಗೆರೆಯೂ ಎರಡೆರಡು ಎಲೆಕ್ಟ್ರಾನುಗಳ ಜೋಡಿ. ಮಿಕ್ಕ ಎಲೆಕ್ಟ್ರಾನುಗಳೂ ಜೋಡಿಜೋಡಿಯಾಗಿಯೇ ಇರುತ್ತವೆ. ಒಂಟಿಯಾದದ್ದು ಒಂದೂ ಇಲ್ಲ. ಚಿತ್ರವು ನೋಡುವುದಕ್ಕೆ ಅಚ್ಚುಕಟ್ಟಾಗಿದೆ, ನೆನಪಿಡುವುದಕ್ಕೆ ಸುಲಭವಾಗಿದೆ. ಆದರೆ ಎಲೆಕ್ಟ್ರಾನುಗಳೆಲ್ಲವೂ ಜೋಡಿಗೂಡಿರುವ ವಸ್ತುವನ್ನು ಸೂಜಿಗಲ್ಲು ಸೆಳೆಯಲಾರದು. ಆಮ್ಲಜನಕವನ್ನಾದರೋ ಅದು ಸೆಳೆಯುತ್ತದೆ. ಚಿತ್ರಕ್ಕೂ ವಸ್ತುಸ್ಥಿತಿಗೂ ಇರುವ ಈ ವಿರೋಧವನ್ನು ಇಂದಿನ ಉಪಾಧ್ಯಾಯರು ಒಂದು ಕಥೆಯಿಂದ ಪರಿಹರಿಸುವುದು ವಾಡಿಕೆ. ಗೆರೆಗಳ ಚಿತ್ರವು ಸೋತಿತು, ಅಣುಕಕ್ಷಕಗಳ ಸಿದ್ಧಾಂತವು ಬಂದು ಆಮ್ಲಜನಕದ ಕಾಂತಗುಣವನ್ನು ಮುಂಗಂಡು ಹೇಳಿ ಗೆದ್ದಿತು ಎಂಬುದೇ ಆ ಕಥೆ.

ಈ ಕಥೆಯು ಇತಿಹಾಸಕ್ಕೆ ಒಪ್ಪುವುದಿಲ್ಲ. ಆಮ್ಲಜನಕದ ಕಾಂತಗುಣವು ಆ ಸಿದ್ಧಾಂತಕ್ಕಿಂತ ಎಂಬತ್ತು ವರ್ಷಗಳಷ್ಟು ಹಳೆಯದು. ಅದರ ರೋಹಿತದ ಕಪ್ಪುಪಟ್ಟೆಗಳು ಇನ್ನೂ ಹಳೆಯವು. ಕಾಂತವನ್ನು ಪರೀಕ್ಷಿಸಿದವರು ಒಂದು ದಾರಿಯಲ್ಲಿಯೂ, ಬೆಳಕನ್ನು ಪರೀಕ್ಷಿಸಿದವರು ಇನ್ನೊಂದು ದಾರಿಯಲ್ಲಿಯೂ ನಡೆದು, ೧೯೨೮-೨೯ರ ಸುಮಾರಿಗೆ ಒಂದೇ ಬಾಗಿಲಿಗೆ ಬಂದು ಸೇರಿದರು. ಹೀಗೆ ಸೇರಿದ ಬಗೆಯನ್ನು ತಿಳಿದರೆ ಪಾಠವು ಹೆಚ್ಚು ಸತ್ಯವಾಗುವುದಲ್ಲದೆ ಹೆಚ್ಚು ಸುಲಭವೂ ಆಗುವುದೆಂಬುದು ಮುಂದಿನ ವಿವರಣೆಯಿಂದ ವ್ಯಕ್ತವಾಗಬಹುದು.

೨

೧೮೪೫ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆಯು ಪ್ರಬಲವಾದ ವಿದ್ಯುತ್ಕಾಂತದ ಧ್ರುವಗಳ ನಡುವೆ ನಾನಾ ವಸ್ತುಗಳನ್ನು ತೂಗಹಾಕಿ ನೋಡಿ, ಕಬ್ಬಿಣದಂತೆ ಸೆಳೆಯಲ್ಪಡದ ವಸ್ತುಗಳು ಬಹುಮಟ್ಟಿಗೆ ದೂಡಲ್ಪಡುತ್ತವೆಂಬುದನ್ನು ಕಂಡುಹಿಡಿದನು. ಹೀಗೆ ದೂಡಲ್ಪಡುವ ಗುಣವನ್ನು ಪ್ರತಿಕಾಂತತ್ವವೆಂದು ಕರೆಯಬಹುದು. ಅನಿಲಗಳಲ್ಲಿ ಮಾತ್ರ ಆಗ ಅವನಿಗೆ ಯಾವ ಪರಿಣಾಮವೂ ಕಾಣಲಿಲ್ಲ. ೧೮೪೭ರಲ್ಲಿ ಇಟಲಿಯ ಬಂಕಲಾರಿಯೆಂಬವನು ಕಾಂತಧ್ರುವಗಳ ನಡುವೆ ಹಿಡಿದ ದೀಪದ ಜ್ವಾಲೆಯು ಹೊರಕ್ಕೆ ತಳ್ಳಲ್ಪಡುವುದೆಂದು ತೋರಿಸಿದ ಸುದ್ದಿ ಬಂದಿತು. ಫ್ಯಾರಡೆಯು ಕೂಡಲೆ ಆ ಪ್ರಯೋಗವನ್ನು ತಾನೂ ಮಾಡಿ, ಒಂದೊಂದು ಅನಿಲವನ್ನೂ ಸಣ್ಣ ಧಾರೆಯಾಗಿ ಧ್ರುವಗಳ ನಡುವೆ ಹರಿಯಬಿಟ್ಟು, ಅದು ಯಾವ ಕಡೆಗೆ ಓಲುವುದೆಂದು ಪರೀಕ್ಷಿಸಿದನು. ಗಾಳಿಯಲ್ಲಿ ಹರಿಸಿದಾಗ ಸಾರಜನಕವೂ ಜಲಜನಕವೂ ದೂರ ಸರಿದುವು. ಆಮ್ಲಜನಕವೊಂದು ಮಾತ್ರ ಧ್ರುವಗಳ ಕಡೆಗೆ ವಾಲಿತು.

ಇಲ್ಲಿ ಒಂದು ತೊಡಕಿತ್ತು. ನೀರಿನಲ್ಲಿ ಬೆಂಡು ಮೇಲಕ್ಕೆ ಏರಿತೆಂದ ಮಾತ್ರಕ್ಕೆ ಬೆಂಡಿಗೆ ತೂಕವಿಲ್ಲವೆಂದು ಹೇಳಲಾಗದು. ಹಾಗೆಯೇ ಗಾಳಿಯಲ್ಲಿ ಸಾರಜನಕವು ದೂಡಲ್ಪಟ್ಟಂತೆ ಕಂಡುದು ಅದರ ಸ್ವಂತ ಗುಣದಿಂದಲೋ, ಸುತ್ತಲಿನ ಗಾಳಿಯಲ್ಲಿರುವ ಆಮ್ಲಜನಕವು ಸೆಳೆಯಲ್ಪಟ್ಟುದರಿಂದಲೋ ಎಂಬುದು ನಿರ್ಧಾರವಾಗಬೇಕಾಗಿತ್ತು. ೧೮೫೦ರಲ್ಲಿ ಫ್ಯಾರಡೆಯು ಮಕ್ಕಳ ಆಟಿಕೆಯಂತೆ ತೋರುವ ಒಂದು ಉಪಾಯವನ್ನು ಹೂಡಿದನು. ಸಾಬೂನಿನ ಗುಳ್ಳೆಗಳಲ್ಲಿ ಅನಿಲಗಳನ್ನು ತುಂಬಿ ಧ್ರುವಗಳ ಬಳಿ ಹಿಡಿದನು. ಆಮ್ಲಜನಕದ ಗುಳ್ಳೆಯು ಒಳಕ್ಕೆ ಎಳೆಯಲ್ಪಟ್ಟಿತು. ಆ ಬಳಿಕ ಸಮನಾದ ಎರಡು ಗಾಜಿನ ಬುರುಡೆಗಳನ್ನು ನವಿರಾದ ಎಳೆಯಿಂದ ತೂಗಿದ ಕಡ್ಡಿಯ ತುದಿಗಳಿಗೆ ಕಟ್ಟಿ, ಒಂದರಲ್ಲಿ ಒಂದು ಅನಿಲವನ್ನೂ ಇನ್ನೊಂದರಲ್ಲಿ ಮತ್ತೊಂದನ್ನೂ ಇಟ್ಟು, ಬರಿದುಮಾಡಿದ ಬುರುಡೆಯೊಡನೆಯೂ ಹೋಲಿಸಿದನು. ಸಾರಜನಕವು ನಿರ್ವಾತದಿಂದ ಹೆಚ್ಚು ಭಿನ್ನವಾಗಿರಲಿಲ್ಲ. ಆಮ್ಲಜನಕವು ಎಷ್ಟು ಸಾಂದ್ರವಾಗಿದ್ದರೆ ಅಷ್ಟು ಬಲವಾಗಿ ಸೆಳೆಯಲ್ಪಟ್ಟಿತು. ಈ ಮಧ್ಯೆ ೧೮೪೯ರಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕೆರೆಲನು ಇದ್ದಿಲಿನಲ್ಲಿ ಹೀರಿಸಿದ ಆಮ್ಲಜನಕವನ್ನು ಪರೀಕ್ಷಿಸಿ ಇದೇ ನಿರ್ಣಯಕ್ಕೆ ಬಂದಿದ್ದನು. ಕೇಂಬ್ರಿಜ್ಜಿನ ಹ್ಯೂವೆಲನ ಸಲಹೆಯಂತೆ ಫ್ಯಾರಡೆಯು ಈ ಬಗೆಯ ವಸ್ತುಗಳಿಗೆ 'ಪ್ಯಾರಾಮ್ಯಾಗ್ನೆಟಿಕ್' ಎಂಬ ವಿಶೇಷಣವನ್ನು ಬಳಕೆಗೆ ತಂದನು. ಕನ್ನಡದಲ್ಲಿ ಇವನ್ನು ಅನುಕಾಂತಗಳೆನ್ನಬಹುದು.

ಫ್ಯಾರಡೆಯ ಮುಂದಿನ ಹೆಜ್ಜೆಯು ಜಾರಿತು. ಕಾಯಿಸಿದರೆ ಆಮ್ಲಜನಕದ ಕಾಂತಗುಣವು ಕುಗ್ಗುವುದೆಂಬುದನ್ನು ಅವನು ಕಂಡಿದ್ದನು. ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಆಮ್ಲಜನಕವಿರುವುದರಿಂದ, ಹಗಲು ಸೂರ್ಯನು ಅದನ್ನು ಕಾಯಿಸುವುದೇ ದಿಕ್ಸೂಚಿಯ ಮುಳ್ಳು ದಿನದಿನವೂ ಅತ್ತಿತ್ತ ಅಲ್ಪವಾಗಿ ಚಲಿಸುವುದಕ್ಕೆ ಕಾರಣವೆಂದು ಅವನು ದೀರ್ಘವಾಗಿ ಪ್ರತಿಪಾದಿಸಿದನು. ಇದು ನಿಲ್ಲಲಿಲ್ಲ. ಆ ಚಲನೆಗೆ ಕಾರಣವಾದ ವಿದ್ಯುತ್ಪ್ರವಾಹಗಳು ವಾತಾವರಣದ ಅತ್ಯುನ್ನತ ಸ್ತರಗಳಲ್ಲಿ ಹರಿಯುತ್ತವೆಂಬ ಊಹೆಯನ್ನು ೧೮೮೨ರಲ್ಲಿ ಬಾಲ್ಫರ್ ಸ್ಟೂವರ್ಟನು ಮುಂದಿಟ್ಟನು. ಕಾಲಕ್ರಮದಲ್ಲಿ ಅದೇ ಸ್ಥಿರಪಟ್ಟಿತು. ಫ್ಯಾರಡೆಯು ಕಂಡುದು ಸರಿ. ಅದರಿಂದ ಕಟ್ಟಿದ ಅನುಮಾನ ತಪ್ಪು. ಈ ಭೇದವನ್ನು ವಿದ್ಯಾರ್ಥಿಗಳಿಗೆ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಸುಲಭವಾಗಿ ದೊರೆಯದು.

ಆಮ್ಲಜನಕವನ್ನು ದ್ರವವನ್ನಾಗಿ ಮಾಡುವ ವಿದ್ಯೆಯು ಕೈವಶವಾದ ಮೇಲೆ ಈ ಗುಣವು ಕಣ್ಣಿಗೇ ಕಾಣುವಂತಾಯಿತು. ಪೋಲೆಂಡಿನ ಕ್ರಾಕೋ ನಗರದಲ್ಲಿ ವ್ರೂಬ್ಲೆವ್ಸ್ಕಿ ಮತ್ತು ಓಲ್ಷೆವ್ಸ್ಕಿ ಎಂಬಿಬ್ಬರು ೧೮೮೩ರಲ್ಲಿ ಅದನ್ನು ಪಾತ್ರೆಯಲ್ಲಿ ನಿಲ್ಲುವ ದ್ರವವಾಗಿ ಪಡೆದರು. ಅದು ಸೊನ್ನೆಗಿಂತ ೧೮೩ ಡಿಗ್ರಿಗಳಷ್ಟು ಕೆಳಗಿನ ಶೈತ್ಯದಲ್ಲಿ ಕುದಿಯುತ್ತದೆ. ೧೮೯೧ರಲ್ಲಿ ಜೇಮ್ಸ್ ಡ್ಯೂವರನು, ಫ್ಯಾರಡೆಯು ಬಳಸಿದ್ದ ಕಾಂತದ ಧ್ರುವಗಳ ಕೆಳಗೆಯೇ ಈ ದ್ರವವನ್ನು ಬಟ್ಟಲಿನಲ್ಲಿಟ್ಟು ವಿದ್ಯುತ್ತನ್ನು ಹರಿಸಿದನು. ದ್ರವವು ಬಟ್ಟಲಿನಿಂದ ನೆಗೆದು ಧ್ರುವಗಳಿಗೆ ಅಂಟಿಕೊಂಡು, ಆವಿಯಾಗಿ ತೀರುವವರೆಗೂ ಅಲ್ಲಿಯೇ ನಿಂತಿತು.

೩

ಕಣ್ಣಿಗೆ ಕಂಡುದನ್ನು ಲೆಕ್ಕಕ್ಕೆ ತಂದವನು ಪಿಯೇರ್ ಕ್ಯೂರಿ. ೧೮೯೫ರಲ್ಲಿ ಅವನು ಆಮ್ಲಜನಕವನ್ನು ೨೦ ಡಿಗ್ರಿಯಿಂದ ೪೫೦ ಡಿಗ್ರಿಯವರೆಗೆ ಕಾಯಿಸಿ ಅಳೆದು, ಅದರ ಕಾಂತಗ್ರಾಹಕತೆಯು ನಿರಪೇಕ್ಷ ಉಷ್ಣತೆಗೆ ವಿಲೋಮವಾಗಿರುವುದೆಂಬ ನಿಯಮವನ್ನು ಸ್ಥಾಪಿಸಿದನು. ಉಷ್ಣತೆಯು ಇಮ್ಮಡಿಯಾದರೆ ಸೆಳೆತವು ಅರ್ಧವಾಗುತ್ತದೆ. ೧೯೦೫ರಲ್ಲಿ ಪಾಲ್ ಲಾಂಜೆವ್ಯಾನನು ಇದಕ್ಕೆ ಉಪಪತ್ತಿಯನ್ನು ಕೊಟ್ಟನು. ಒಂದೊಂದು ಅಣುವೂ ಒಂದು ಸಣ್ಣ ಸೂಜಿಗಲ್ಲು. ಹೊರಗಿನ ಕಾಂತವು ಅವುಗಳನ್ನು ಒಂದೇ ದಿಕ್ಕಿಗೆ ತಿರುಗಿಸಲು ಯತ್ನಿಸುತ್ತದೆ. ಉಷ್ಣತೆಯಿಂದಾಗುವ ತಳಮಳವು ಅವುಗಳನ್ನು ಚೆದುರಿಸುತ್ತದೆ. ಇವೆರಡರ ಜಗ್ಗಾಟದಿಂದ ಕ್ಯೂರಿಯ ನಿಯಮವು ತಾನಾಗಿ ಹೊರಡುತ್ತದೆ. ಹೀಗೆ ಪ್ರತಿ ಅಣುವಿನಲ್ಲಿಯೂ ಎಷ್ಟು ಬಲದ ಸೂಜಿಗಲ್ಲು ಇರಬೇಕೆಂಬುದನ್ನು ಲೆಕ್ಕಹಾಕುವುದಕ್ಕೆ ದಾರಿಯಾಯಿತು. ಆದರೆ ಅಣುವಿನೊಳಗೆ ಸೂಜಿಗಲ್ಲಾಗಿರುವುದು ಯಾವುದೆಂಬ ಪ್ರಶ್ನೆಗೆ ಆಗ ಉತ್ತರವಿರಲಿಲ್ಲ.

೪

ಇನ್ನು ಬೆಳಕಿನ ದಾರಿ. ೧೮೧೪ರ ಸುಮಾರಿಗೆ ಬವೇರಿಯದ ಫ್ರೌನ್‌ಹೋಫರನು ಸೂರ್ಯಪ್ರಕಾಶದ ರೋಹಿತದಲ್ಲಿ ನೂರಾರು ಕಪ್ಪುಗೆರೆಗಳನ್ನು ಗುರುತಿಸಿ, ಮುಖ್ಯವಾದುವಕ್ಕೆ ಕೆಂಪಿನ ತುದಿಯಿಂದ ಮೊದಲುಗೊಂಡು ರೋಮನ್ ಅಕ್ಷರಗಳ ಹೆಸರನ್ನಿಟ್ಟನು. 'ಎ' ಎಂಬುದು ೭೬೦ ನ್ಯಾನೊಮೀಟರಿನ ಬಳಿಯೂ 'ಬಿ' ಎಂಬುದು ೬೮೭ರ ಬಳಿಯೂ ಇವೆ. ಗೆರೆಗಳೆಲ್ಲವೂ ಸೂರ್ಯನಲ್ಲಿಯೇ ಹುಟ್ಟಿದುವೆಂದು ಮೊದಲು ತೋರಿದರೂ, ಅವುಗಳಲ್ಲಿ ಕೆಲವು ಸೂರ್ಯನು ದಿಗಂತಕ್ಕೆ ಇಳಿದಂತೆ ಹೆಚ್ಚು ಕಪ್ಪಾಗುವುದನ್ನು ಸ್ಕಾಟ್ಲೆಂಡಿನ ಬ್ರೂಸ್ಟರನು ೧೮೩೦ರ ದಶಕದಲ್ಲಿ ಕಂಡನು. ಸಂಜೆಯ ಬೆಳಕು ಹೆಚ್ಚು ಗಾಳಿಯನ್ನು ಹಾದು ಬರುವುದರಿಂದ, ಅಂತಹ ಗೆರೆಗಳು ಭೂಮಿಯ ಗಾಳಿಯಲ್ಲಿಯೇ ಹುಟ್ಟಿರಬೇಕು. 'ಎ' ಮತ್ತು 'ಬಿ' ಪಟ್ಟೆಗಳು ಆಮ್ಲಜನಕದವೆಂಬುದನ್ನು ೧೮೮೩ರಲ್ಲಿ ರಷ್ಯದ ಯೆಗೋರೊವನು ಉದ್ದವಾದ ನಳಿಗೆಯಲ್ಲಿ ಆ ಅನಿಲವನ್ನು ತುಂಬಿ ಬೆಳಕನ್ನು ಹಾಯಿಸಿ ತೋರಿಸಿದನು.

ಈ ವಿಷಯಕ್ಕೆ ತನ್ನ ಜೀವಮಾನದ ಬಹುಭಾಗವನ್ನು ಮುಡಿಪಿಟ್ಟವನು ಫ್ರಾನ್ಸಿನ ಜೂಲ್ ಜಾನ್ಸೆನ್. ೧೮೬೮ರ ಆಗಸ್ಟ್ ೧೮ರಂದು ಸಂಪೂರ್ಣ ಸೂರ್ಯಗ್ರಹಣವನ್ನು ನೋಡುವುದಕ್ಕಾಗಿ ಆಂಧ್ರದೇಶದ ಗುಂಟೂರಿಗೆ ಬಂದು, ಸೂರ್ಯನ ಅಂಚಿನ ಜ್ವಾಲೆಗಳ ರೋಹಿತವನ್ನು ಪರೀಕ್ಷಿಸಿದ ಜಾನ್ಸೆನನು ಇವನೇ. ಸೂರ್ಯನಲ್ಲಿ ಆಮ್ಲಜನಕವುಂಟೆ ಎಂಬ ಪ್ರಶ್ನೆಯು ಅವನನ್ನು ಬಿಡದೆ ಕಾಡಿತು. ಈ ಪಟ್ಟೆಗಳು ಕೇವಲ ಭೂಮಿಯ ಗಾಳಿಯವಾದರೆ, ಎತ್ತರಕ್ಕೆ ಏರಿದಂತೆ ಅವು ಕ್ಷೀಣಿಸಬೇಕಷ್ಟೆ. ಬಾಲ್ಯದಿಂದಲೂ ಕುಂಟನಾಗಿದ್ದ ಅವನು ೧೮೯೦ರಲ್ಲಿ, ಅರವತ್ತಾರನೆಯ ವಯಸ್ಸಿನಲ್ಲಿ, ಜಾರುಬಂಡಿಯಲ್ಲಿ ಕುಳಿತು ಮಾರ್ಗದರ್ಶಕರಿಂದ ಎಳೆಯಲ್ಪಟ್ಟು ಮೋಂ ಬ್ಲಾಂ ಶಿಖರವನ್ನು ಸೇರಿದನು. ೧೮೯೩ರಲ್ಲಿ ಆ ಹಿಮದ ನೆತ್ತಿಯ ಮೇಲೆಯೇ ಒಂದು ವೀಕ್ಷಣಾಲಯವನ್ನು ಕಟ್ಟಿಸಿದನು. ಪಟ್ಟೆಗಳು ನಿರೀಕ್ಷೆಯಂತೆ ಕ್ಷೀಣಿಸಿದುವು. ೧೮೮೯ರಲ್ಲಿ ಐಫೆಲ್ ಗೋಪುರವು ಎದ್ದಾಗ, ಅದರ ತುದಿಯ ವಿದ್ಯುದ್ದೀಪವನ್ನು ಎಂಟು ಕಿಲೋಮೀಟರಿಗೆ ತುಸು ಕಡಮೆ ದೂರದ ಮ್ಯೂಡಾನಿನಿಂದ ನೋಡಿ, ಆ ಭೂಲೋಕದ ಬೆಳಕಿನಲ್ಲಿಯೂ ಆಮ್ಲಜನಕದ ಗೆರೆಗಳನ್ನು ಕಂಡನು. ಸೂರ್ಯನಲ್ಲಿ ಆಮ್ಲಜನಕವಿಲ್ಲವೆಂದು ಇದರಿಂದ ಹೇಳುವಂತಿರಲಿಲ್ಲ. ಅಲ್ಲಿ ಅದು ಅಣುರೂಪದಲ್ಲಿಲ್ಲದೆ ಪರಮಾಣುರೂಪದಲ್ಲಿರುವುದನ್ನು ೧೮೯೬ರಲ್ಲಿ ರುಂಗೆ ಮತ್ತು ಪಾಷೆನರು ಬೇರೆ ಗೆರೆಗಳಿಂದ ತಿಳಿದರು.

ಜಾನ್ಸೆನನ ಮತ್ತೊಂದು ಶೋಧವು ಬಹುಕಾಲ ಮೂಲೆಯಲ್ಲಿ ಉಳಿಯಿತು. ಆಮ್ಲಜನಕವನ್ನು ಒತ್ತಡಕ್ಕೆ ಗುರಿಮಾಡಿದಾಗ ಹೊಸ ಪಟ್ಟೆಗಳು ತಲೆದೋರುವುದನ್ನೂ, ಅವುಗಳ ಗಾಢತೆಯು ಸಾಂದ್ರತೆಯ ವರ್ಗಕ್ಕೆ ಅನುಸಾರವಾಗಿ ಬೆಳೆಯುವುದನ್ನೂ ಅವನು ಕಂಡಿದ್ದನು. ಸಾಂದ್ರತೆಯು ಇಮ್ಮಡಿಯಾದರೆ ಹೀರಿಕೆಯು ನಾಲ್ಮಡಿಯಾಗುತ್ತದೆ. ಒಂಟಿ ಅಣುವಿನ ಕಾರ್ಯಕ್ಕೆ ಈ ನಿಯಮವು ಒಪ್ಪುವುದಿಲ್ಲ. ಎರಡು ಅಣುಗಳು ಕೂಡಿ ಮಾಡುವ ಕಾರ್ಯಕ್ಕೆ ಒಪ್ಪುತ್ತದೆ.

೫

೧೯೧೬ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸನು, ರಾಸಾಯನಿಕ ಬಂಧವೆಂದರೆ ಎರಡು ಪರಮಾಣುಗಳು ಹಂಚಿಕೊಂಡಿರುವ ಎಲೆಕ್ಟ್ರಾನುಗಳ ಜೋಡಿಯೆಂಬ ತತ್ತ್ವವನ್ನು ಪ್ರಕಟಿಸಿದನು. ಗೆರೆಗಳ ಚಿತ್ರಕ್ಕೆ ಇಂದು ಇರುವ ಅರ್ಥವು ಅಲ್ಲಿಂದ ಬಂದುದು. ಲೂಯಿಸನು ಆಮ್ಲಜನಕದ ಕಾಂತಗುಣವನ್ನು ಅರಿಯದವನಲ್ಲ. ೧೯೨೪ರಲ್ಲಿ ಅವನು ಬರೆದ ಒಂದು ಲೇಖನದ ವಿಷಯವೇ ಅದು. ದ್ರವ ಆಮ್ಲಜನಕದಲ್ಲಿ ಕ್ಯೂರಿಯ ನಿಯಮವು ತಪ್ಪುವುದಕ್ಕೆ, ಎರಡೆರಡು ಅಣುಗಳು ಜೊತೆಗೂಡಿ ತಮ್ಮ ಕಾಂತತ್ವವನ್ನು ಪರಸ್ಪರ ಕಳೆದುಕೊಳ್ಳುವುದೇ ಕಾರಣವೆಂದು ಅವನು ಅಲ್ಲಿ ಸೂಚಿಸಿದನು. ಹೀಗಿರಲು, ಲೂಯಿಸನು ಒಂದು ತಪ್ಪುಚಿತ್ರವನ್ನು ಬರೆದು ಕಣ್ಣುಮುಚ್ಚಿ ಕುಳಿತನೆಂಬಂತೆ ಪಾಠ ಹೇಳುವುದು ಅನ್ಯಾಯ. ಚಿತ್ರವು ಅದರ ಕರ್ತೃವಿಗಿಂತ ಹೆಚ್ಚು ಹಟಮಾರಿಯಾಯಿತು.

೧೯೨೫ರಲ್ಲಿ ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟರು ಎಲೆಕ್ಟ್ರಾನಿಗೆ ತನ್ನದೇ ಆದ ಸ್ವಭ್ರಮಣವುಂಟೆಂದು ಸೂಚಿಸಿದ ಮೇಲೆ, ಅಣುವಿನೊಳಗಿನ ಸೂಜಿಗಲ್ಲು ಯಾವುದೆಂಬುದಕ್ಕೆ ಉತ್ತರವು ಹೊಳೆಯಿತು. ಸ್ಪಿನ್ ಎಂದು ಕರೆಯಲ್ಪಡುವ ಈ ಗುಣದಿಂದ ಒಂದೊಂದು ಎಲೆಕ್ಟ್ರಾನೂ ಒಂದು ಕಾಂತ. ಎದುರುಬದುರು ಸ್ಪಿನ್ನಿನಿಂದ ಜೋಡಿಯಾದರೆ ಒಂದರ ಕಾಂತತ್ವವನ್ನು ಇನ್ನೊಂದು ಅಳಿಸುತ್ತದೆ, ಒಂಟಿಯಾಗಿದ್ದರೆ ಉಳಿಯುತ್ತದೆ. ಎರಡು ಒಂಟಿ ಎಲೆಕ್ಟ್ರಾನುಗಳು ಒಂದೇ ದಿಕ್ಕಿನ ಸ್ಪಿನ್ನುಳ್ಳವಾಗಿದ್ದರೆ ಆ ಅಣುವು ತ್ರಿಕಸ್ಥಿತಿಯಲ್ಲಿದೆಯೆಂದೂ, ಎಲ್ಲ ಸ್ಪಿನ್ನುಗಳೂ ಅಳಿದುಹೋಗಿದ್ದರೆ ಏಕಕಸ್ಥಿತಿಯಲ್ಲಿದೆಯೆಂದೂ ಪರಿಭಾಷೆ.

೧೯೨೮ರಲ್ಲಿ ಎರಡು ದಾರಿಗಳು ಕೂಡಿದುವು. ರಾಬರ್ಟ್ ಮಲಿಕನನು ಫ್ರೌನ್‌ಹೋಫರನ 'ಎ' ಪಟ್ಟೆಯ ಸೂಕ್ಷ್ಮರೇಖೆಗಳ ವಿನ್ಯಾಸವನ್ನು ವಿಶ್ಲೇಷಿಸಿ, ಬೆಳಕನ್ನು ಹೀರುವ ಮುನ್ನ ಆಮ್ಲಜನಕದ ಅಣುವು ತ್ರಿಕಸ್ಥಿತಿಯಲ್ಲಿಯೂ, ಹೀರಿದ ಬಳಿಕ ಏಕಕಸ್ಥಿತಿಯಲ್ಲಿಯೂ ಇರುವುದೆಂದು ನಿರ್ಣಯಿಸಿದನು. ಫ್ಯಾರಡೆಯ ಸಾಬೂನುಗುಳ್ಳೆಯು ಹೇಳಿದುದನ್ನೇ ಸೂರ್ಯನ ಬೆಳಕೂ ಹೇಳಿತು. ೧೯೨೯ರಲ್ಲಿ ಇಂಗ್ಲೆಂಡಿನ ಲೆನಾರ್ಡ್-ಜೋನ್ಸನು ಅಣುಕಕ್ಷಕಗಳ ವಿಚಾರವನ್ನು ಬಳಸಿ ಇದಕ್ಕೆ ಸರಳವಾದ ಕಾರಣವನ್ನು ಕೊಟ್ಟನು. ಎರಡು ಪರಮಾಣುಗಳ ಹೊರಕವಚದ ಒಟ್ಟು ಎಲೆಕ್ಟ್ರಾನುಗಳು ೧೨. ಅವುಗಳಲ್ಲಿ ೧೦ ಎಲೆಕ್ಟ್ರಾನುಗಳು ಕೆಳಗಿನ ಮೆಟ್ಟಿಲುಗಳಲ್ಲಿ ಜೋಡಿಯಾಗಿ ಕುಳಿತ ಮೇಲೆ, ಮುಂದಿನ ಮೆಟ್ಟಿಲಿನಲ್ಲಿ ಸಮಾನ ಶಕ್ತಿಯುಳ್ಳ ಎರಡು ಸ್ಥಾನಗಳಿವೆ. ಉಳಿದ ಎರಡು ಎಲೆಕ್ಟ್ರಾನುಗಳು ಒಂದೊಂದು ಸ್ಥಾನದಲ್ಲಿ ಒಂದೊಂದಾಗಿ, ಒಂದೇ ದಿಕ್ಕಿನ ಸ್ಪಿನ್ನಿನಿಂದ ನಿಲ್ಲುತ್ತವೆ. ಬಂಧವನ್ನು ಬಿಗಿಮಾಡುವ ಎಲೆಕ್ಟ್ರಾನುಗಳು ೮, ಸಡಿಲಿಸುವುವು ೪. ವ್ಯತ್ಯಾಸದ ಅರ್ಧವು ೨. ಎರಡು ಗೆರೆಗಳ ಬಂಧವೂ ಉಳಿಯಿತು, ಸೂಜಿಗಲ್ಲೂ ಉಳಿಯಿತು. ಇಂತಹ ಎರಡು ಎಲೆಕ್ಟ್ರಾನುಗಳುಳ್ಳ ಒಂದು ಮೋಲ್ ಅನಿಲದ ಕಾಂತಗ್ರಾಹಕತೆಯು ೨೦ ಡಿಗ್ರಿಯಲ್ಲಿ, ಸೆಂಟಿಮೀಟರು-ಗ್ರಾಂ-ಸೆಕೆಂಡು ಮಾನದಲ್ಲಿ, ೦.೦೦೩೪ರಷ್ಟಿರಬೇಕೆಂದು ಲೆಕ್ಕವು ಹೇಳುತ್ತದೆ. ಅಳತೆಯೂ ಅದನ್ನೇ ಹೇಳುತ್ತದೆ.

'ಎ' ಪಟ್ಟೆಯು ಏಕೆ ಅಷ್ಟು ದುರ್ಬಲ, ಅದನ್ನು ಕಾಣುವುದಕ್ಕೆ ಹರದಾರಿಗಟ್ಟಲೆ ಗಾಳಿಯು ಏಕೆ ಬೇಕು ಎಂಬುದಕ್ಕೂ ಉತ್ತರವು ಇಲ್ಲಿಯೇ ಇದೆ. ತ್ರಿಕಸ್ಥಿತಿಯಿಂದ ಏಕಕಸ್ಥಿತಿಗೆ ಜಿಗಿಯಬೇಕಾದರೆ ಸ್ಪಿನ್ನು ಬದಲಾಗಬೇಕು. ಬೆಳಕಿನ ಸಾಮಾನ್ಯ ನಿಯಮವು ಇದನ್ನು ನಿಷೇಧಿಸುತ್ತದೆ. ಈ ನಿಷೇಧವನ್ನು ಅಲ್ಪಸ್ವಲ್ಪ ದಾಟಿಸುವುದು ಬೆಳಕಿನ ವಿದ್ಯುದಂಶವಲ್ಲ, ಅದರ ಕಾಂತಾಂಶವೆಂಬುದನ್ನು ೧೯೩೪ರಲ್ಲಿ ವಾನ್ ವ್ಲೆಕ್ಕನು ತೋರಿಸಿದನು. ಆದುದರಿಂದ ಈ ಪಟ್ಟೆಯು ಹೆಸರಿಗೆ ರೋಹಿತದ ವಿಷಯವಾದರೂ ಹುಟ್ಟಿನಿಂದ ಕಾಂತದ ವಿಷಯವೇ. ಪಠ್ಯಪುಸ್ತಕದಲ್ಲಿ ಎರಡು ಅಧ್ಯಾಯಗಳಲ್ಲಿ ಬೇರ್ಪಟ್ಟಿರುವುದು ಪ್ರಕೃತಿಯಲ್ಲಿ ಒಂದೇ ಆಗಿದೆ.

೬

ಈ ಮಂದವಾದ ಪಟ್ಟೆಗಳು ಮತ್ತೂ ಕೆಲವು ರಹಸ್ಯಗಳನ್ನು ಹೊರಗೆಡವಿದುವು. ೧೯೨೮ರಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರು ಕಂಡುಹಿಡಿದ ಪರಿಣಾಮವನ್ನು ಮರುವರ್ಷವೇ ಇಟಲಿಯ ರಾಸೆಟ್ಟಿಯು ಅಮೆರಿಕದಲ್ಲಿ ಆಮ್ಲಜನಕಕ್ಕೆ ಅನ್ವಯಿಸಿ, ಅದರ ಪರಿಭ್ರಮಣದ ರೇಖೆಗಳನ್ನು ಛಾಯಾಚಿತ್ರದಲ್ಲಿ ಹಿಡಿದನು. ಇರಬೇಕಾದ ರೇಖೆಗಳಲ್ಲಿ ಒಂದು ಬಿಟ್ಟು ಒಂದು ಕಾಣೆಯಾಗಿದ್ದುವು. ಎರಡೂ ಪರಮಾಣುಬೀಜಗಳು ಒಂದೇ ಬಗೆಯವಾಗಿದ್ದು, ಅವುಗಳಿಗೆ ಸ್ಪಿನ್ನೇ ಇಲ್ಲದಿದ್ದರೆ ಹೀಗಾಗುತ್ತದೆ. ರಾಮನ್ನರು ೧೯೩೩ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರಕ್ಕೆ ಬರುವುದಕ್ಕೆ ಮುಂಚೆಯೇ ಅವರ ಹೆಸರಿನ ಪರಿಣಾಮವು ಹೀಗೆ ಪರಮಾಣುಬೀಜದವರೆಗೆ ತಲುಪಿತ್ತು.

ಅದೇ ೧೯೨೯ರಲ್ಲಿ ಜಿಯೋಕ್ ಮತ್ತು ಜಾನ್ಸ್‌ಟನ್ನರು ಸೂರ್ಯರೋಹಿತದ 'ಎ' ಪಟ್ಟೆಯ ಬದಿಯಲ್ಲಿದ್ದ ಅತಿ ಕ್ಷೀಣವಾದ ರೇಖೆಗಳ ಗುಟ್ಟನ್ನು ಬಿಡಿಸಿದರು. ಈ ಸಾಲಿನಲ್ಲಿ ಯಾವ ರೇಖೆಯೂ ಕಾಣೆಯಾಗಿರಲಿಲ್ಲ. ಅಂದರೆ ಇಲ್ಲಿಯ ಎರಡು ಬೀಜಗಳು ಒಂದೇ ಬಗೆಯವಲ್ಲ. ೧೬ ತೂಕದ ಪರಮಾಣುವಿನೊಡನೆ ೧೮ ತೂಕದ್ದೊಂದು ಸೇರಿದೆಯೆಂದು ಸಿದ್ಧವಾಯಿತು. ಸ್ವಲ್ಪದರಲ್ಲಿಯೇ ೧೭ ತೂಕದ್ದೂ ದೊರೆಯಿತು. ಪರಮಾಣುಭಾರಗಳಿಗೆಲ್ಲ ಅಳತೆಗೋಲಾಗಿದ್ದ ಆಮ್ಲಜನಕವೇ ಮೂರು ಬಗೆಯ ಪರಮಾಣುಗಳ ಬೆರಕೆಯೆಂದು ಇದರಿಂದ ತಿಳಿಯಿತು. ರಸಾಯನಜ್ಞರ ಅಳತೆಯೂ ಭೌತಜ್ಞರ ಅಳತೆಯೂ ಬೇರೆಬೇರೆಯಾದುವು. ಈ ತಾರತಮ್ಯವನ್ನು ಬೆನ್ನುಹತ್ತಿದುದರಿಂದಲೇ ೧೯೩೧ರಲ್ಲಿ ಯೂರಿಯು ಭಾರಜಲಜನಕವನ್ನು ಅರಸಿ ಕಂಡುಹಿಡಿದನು. ಎರಡು ಅಳತೆಗಳ ಕಲಹವು ೧೯೬೧ರಲ್ಲಿ ಇಂಗಾಲವನ್ನು ಆಧಾರವಾಗಿ ಅಂಗೀಕರಿಸಿದ ಮೇಲೆ ಮುಗಿಯಿತು.

ದ್ರವ ಆಮ್ಲಜನಕವು ತೆಳುನೀಲಿಯಾಗಿರುವುದೇಕೆಂಬ ಪ್ರಶ್ನೆಗೆ ಜಾನ್ಸೆನನ ವರ್ಗನಿಯಮದಲ್ಲಿ ಉತ್ತರವು ಅಡಗಿತ್ತು. ೧೯೩೩ರಲ್ಲಿ ಎಲ್ಲಿಸ್ ಮತ್ತು ಕ್ನೇಸರರು, ಹತ್ತಿರ ಬಂದ ಎರಡು ಅಣುಗಳು ಒಂದೇ ಬೆಳಕಿನ ಕಣವನ್ನು ಹಂಚಿಕೊಂಡು ಎರಡೂ ಏಕಕಸ್ಥಿತಿಗೆ ಏರಬಲ್ಲವೆಂದು ವಿವರಿಸಿದರು. ಹಾಗೆ ಕೂಡಿ ಏರುವಾಗ ಕೆಂಪು ಮತ್ತು ಹಳದಿಯ ಭಾಗಗಳು ಹೀರಲ್ಪಡುವುದರಿಂದ ಉಳಿದುದು ನೀಲಿಯಾಗಿ ತೋರುತ್ತದೆ. ೨೦೦೬ರಲ್ಲಿ ಕ್ಷಕಿರಣಗಳಿಂದ ತಿಳಿದುಬಂದ ಇನ್ನೊಂದು ಸಂಗತಿಯು ಇದಕ್ಕೆ ಪೂರಕವಾಗಿದೆ. ಅತ್ಯಧಿಕ ಒತ್ತಡದಲ್ಲಿ ಘನೀಭವಿಸಿದ ಕೆಂಪು ಆಮ್ಲಜನಕದಲ್ಲಿ ನಾಲ್ಕುನಾಲ್ಕು ಅಣುಗಳು ಗುಂಪುಕಟ್ಟುತ್ತವೆ. ಅಲ್ಲಿ ಕಾಂತಗುಣವು ಇಲ್ಲವಾಗಿರುತ್ತದೆ. ಬಣ್ಣವೂ ಕಾಂತವೂ ಕೂಡಿಯೇ ಬದಲಾಗುತ್ತವೆ.

ಆಮ್ಲಜನಕಕ್ಕೆ ಹತ್ತಿರದಲ್ಲಿ ಎರಡು ಏಕಕಸ್ಥಿತಿಗಳಿವೆ. 'ಎ' ಪಟ್ಟೆಯಲ್ಲಿ ಏರುವುದು ಮೇಲಿನದಕ್ಕೆ. ಕೆಳಗಿನದನ್ನು ೧೯೩೪ರಲ್ಲಿ ಹರ್ಟ್ಸ್‌ಬರ್ಗನು ಕೆಂಪಿನ ಆಚೆಗೆ ೧೨೭೦ ನ್ಯಾನೊಮೀಟರಿನ ಬಳಿ ಗುರುತಿಸಿದನು. ಅದು ಮೋಲಿಗೆ ೯೪ ಕಿಲೋಜೌಲುಗಳಷ್ಟು ಎತ್ತರದಲ್ಲಿದೆ. ಆದರೆ ಇಂತಹ ಅಣುವು ರಾಸಾಯನಿಕ ಕ್ರಿಯೆಗಳಲ್ಲಿ ಪಾತ್ರವಹಿಸಬಹುದೆಂದು ೧೯೩೧ರಲ್ಲಿಯೇ ಜರ್ಮನಿಯ ಕೌಟ್ಸ್ಕಿಯು ಹೇಳಿದ್ದನು. ಒಂದು ಬಣ್ಣವನ್ನು ಕೆಲವು ಕಣಗಳ ಮೇಲೂ, ಆಮ್ಲಜನಕದಿಂದ ಬದಲಾಗತಕ್ಕ ಇನ್ನೊಂದು ವಸ್ತುವನ್ನು ಬೇರೆ ಕಣಗಳ ಮೇಲೂ ಹಚ್ಚಿ, ಎರಡನ್ನೂ ಬೆರೆಸಿ, ಬೆಳಕನ್ನು ಬೀರಿ, ವಿರಳವಾದ ಆಮ್ಲಜನಕವನ್ನು ನಡುವೆ ಸುಳಿಯಬಿಟ್ಟನು. ಒಂದಕ್ಕೊಂದು ತಾಗದಿದ್ದರೂ ಎರಡನೆಯ ವಸ್ತುವು ಬದಲಾಯಿತು. ಅಂದಮೇಲೆ ನಡುವೆ ದೂತನಂತೆ ಓಡಾಡಿದುದು ಚೇತನಗೊಂಡ ಆಮ್ಲಜನಕದ ಅಣುವೇ. ಈ ಮಾತನ್ನು ಸಮಕಾಲೀನರು ಒಪ್ಪಲಿಲ್ಲ. ಹೈಡ್ರೊಜನ್ ಪೆರಾಕ್ಸೈಡಿಗೆ ಹೈಪೊಕ್ಲೋರೈಟನ್ನು ಬೆರೆಸಿದಾಗ ಕಾಣುವ ಕೆಂಪು ಮಿನುಗನ್ನು ೧೯೨೭ರಲ್ಲಿಯೇ ಮಾಲೆಯೆಂಬವನು ಕಂಡಿದ್ದರೂ, ಅದು ಏಕಕಸ್ಥಿತಿಯ ಆಮ್ಲಜನಕದ್ದೆಂದು ೧೯೬೩ರಲ್ಲಿ ಖಾನ್ ಮತ್ತು ಕಾಶಾ ಎಂಬವರು ತಿಳಿಸಿದರು. ೧೯೬೪ರಲ್ಲಿ ಫೂಟ್ ಮತ್ತು ವೆಕ್ಸ್‌ಲರರು ಅದರ ರಾಸಾಯನಿಕ ಕಾರ್ಯವನ್ನು ಸ್ಥಿರಪಡಿಸಿದಾಗ ಕೌಟ್ಸ್ಕಿಯ ಮಾತಿಗೆ ಮೂವತ್ತಮೂರು ವರ್ಷಗಳ ಮೇಲೆ ಮನ್ನಣೆ ದೊರೆಯಿತು.

೭

ಇಷ್ಟರಿಂದ ಪಾಠಕ್ರಮಕ್ಕೆ ಮೂರು ಸೂಚನೆಗಳು ಹೊರಡುತ್ತವೆ. ಮೊದಲನೆಯದು, ವಸ್ತುಸ್ಥಿತಿಯು ಮುಂದೆ, ಚಿತ್ರವು ಹಿಂದೆ ಬರಬೇಕೆಂಬುದು. ದ್ರವ ಸಾರಜನಕವನ್ನು ಕಾಂತಧ್ರುವಗಳ ನಡುವೆ ಸುರಿದರೆ ಅದು ಜಾರಿಹೋಗುತ್ತದೆ. ದ್ರವ ಆಮ್ಲಜನಕವು ಸೇತುವೆಯಂತೆ ನಿಲ್ಲುತ್ತದೆ. ಎಣ್ಣೆ, ಹತ್ತಿ ಮೊದಲಾದುವು ಈ ದ್ರವದೊಡನೆ ಭಯಂಕರವಾಗಿ ಉರಿಯುವುದರಿಂದ ಇದನ್ನು ಬಲ್ಲವರೇ ಮಾಡಿ ತೋರಿಸಬೇಕು. ಅನುಕೂಲವಿಲ್ಲದ ಶಾಲೆಗಳಲ್ಲಿ ಕಿರಿಯ ರೋಹಿತದರ್ಶಕವೊಂದು ಸಾಕು. ಸೂರ್ಯನನ್ನು ನೇರವಾಗಿ ನೋಡದೆ, ಮುಳುಗುವ ವೇಳೆಯ ಪಡುವಣ ಬಾನಿನ ಕಡೆಗೆ ಅದನ್ನು ತಿರುಗಿಸಿದರೆ ಕೆಂಪಿನಲ್ಲಿ 'ಬಿ' ಪಟ್ಟೆಯು ಕಪ್ಪಾಗಿ ಕಾಣುವುದು. ತಾನು ಉಸಿರಾಡುವ ಗಾಳಿಯ ಸಹಿಯನ್ನು ವಿದ್ಯಾರ್ಥಿಯು ಆಕಾಶದಲ್ಲಿ ಓದಿದಂತಾಗುತ್ತದೆ.

ಎರಡನೆಯದು, ಗೆದ್ದವರು ಸೋತವರೆಂಬ ಕಥೆಯನ್ನು ಬಿಡಬೇಕೆಂಬುದು. ಸಿದ್ಧಾಂತವು ಕಾಂತಗುಣವನ್ನು ಮುಂಗಂಡು ಹೇಳಲಿಲ್ಲ. ಬಹುಕಾಲದಿಂದ ತಿಳಿದಿದ್ದುದಕ್ಕೆ ಕಾರಣವನ್ನು ಕೊಟ್ಟಿತು. ಇದೇನೂ ಕಿರಿಯ ಸಾಧನೆಯಲ್ಲ. ಎದುರು ಪಕ್ಷದವನೆಂದು ಎಣಿಸಲ್ಪಡುವ ಪಾಲಿಂಗನೂ ೧೯೩೧ರಲ್ಲಿ, ಒಂದು ಸಾಧಾರಣ ಬಂಧದೊಡನೆ ಮೂರುಮೂರು ಎಲೆಕ್ಟ್ರಾನು‌ಗಳ ಎರಡು ಬಂಧಗಳನ್ನು ಕಲ್ಪಿಸಿ ಇದೇ ಎರಡು ಒಂಟಿ ಎಲೆಕ್ಟ್ರಾನುಗಳನ್ನು ಪಡೆದನು. ಮುಂದೆ ೧೯೪೦ರಲ್ಲಿ ಅವನು ನಿರ್ಮಿಸಿದ ಆಮ್ಲಜನಕಮಾಪಕದಲ್ಲಿ, ಕಾಂತಧ್ರುವಗಳ ನಡುವೆ ನವಿರಾದ ಎಳೆಯಿಂದ ತೂಗುವ ಎರಡು ಪುಟ್ಟ ಗಾಜಿನ ಬುರುಡೆಗಳಿದ್ದುವು. ಫ್ಯಾರಡೆಯ ತಕ್ಕಡಿಯನ್ನು ಬಲ್ಲವರಿಗೆ ಅದರ ವಂಶವನ್ನು ಹೇಳಬೇಕಾದುದಿಲ್ಲ. ಆ ತತ್ತ್ವದ ಉಪಕರಣಗಳು ಆಸ್ಪತ್ರೆಗಳಲ್ಲಿ ಇಂದಿಗೂ ರೋಗಿಯ ಉಸಿರನ್ನು ಅಳೆಯುತ್ತವೆ.

ಮೂರನೆಯದು, ಹೊಸ ಚಿತ್ರವೂ ಚಿತ್ರವೇ ಎಂಬ ಎಚ್ಚರ. ಮೆಟ್ಟಿಲುಗಳ ಮೇಲೆ ಬಾಣಗಳನ್ನು ಬರೆದು ತೋರಿಸುವ ಪದ್ಧತಿಯು, ಕೊನೆಯ ಎರಡು ಎಲೆಕ್ಟ್ರಾನುಗಳು ಬೇರೆಬೇರೆಯಾಗಿ ಏಕೆ ನಿಲ್ಲುತ್ತವೆಂಬುದನ್ನು ತಾನಾಗಿ ಹೇಳುವುದಿಲ್ಲ. ಅದಕ್ಕೆ ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನೂ ಹುಂಡನ ನಿಯಮವನ್ನೂ ಸೇರಿಸಬೇಕು. ಆ ಎರಡು ಸ್ಥಾನಗಳಲ್ಲಿರುವ ಆ ಎರಡೇ ಎಲೆಕ್ಟ್ರಾನುಗಳಿಂದ ಒಂದು ತ್ರಿಕಸ್ಥಿತಿಯೂ ಎರಡು ಏಕಕಸ್ಥಿತಿಗಳೂ ಹುಟ್ಟುತ್ತವೆಂಬುದು ಬಾಣಗಳಲ್ಲಿ ಪೂರ್ತಿಯಾಗಿ ಮೂಡುವುದಿಲ್ಲ. ಅದನ್ನು ತಿಳಿಸುವುದು ರೋಹಿತವೇ.

ಇದು ಪಂಡಿತರ ಸೂಕ್ಷ್ಮತೆಯಷ್ಟೇ ಅಲ್ಲ. ಕಟ್ಟಿಗೆಯೂ ಕಾಗದವೂ ಮನುಷ್ಯನ ಮೈಯೂ ಗಾಳಿಯ ಆಮ್ಲಜನಕದೊಡನೆ ಕೂಡಿ ಉರಿದರೆ ಶಕ್ತಿಯು ಬಿಡುಗಡೆಯಾಗುತ್ತದೆ. ಆದರೂ ಅವು ತಾವಾಗಿ ಹೊತ್ತಿಕೊಳ್ಳುವುದಿಲ್ಲ. ಅವುಗಳ ಎಲೆಕ್ಟ್ರಾನುಗಳೆಲ್ಲ ಜೋಡಿಗೂಡಿದ್ದು, ಆಮ್ಲಜನಕದ ಎರಡು ಮಾತ್ರ ಒಂಟಿಯಾಗಿ ಒಂದೇ ದಿಕ್ಕಿಗೆ ನಿಂತಿರುವುದರಿಂದ, ನೇರವಾದ ಕೂಟಕ್ಕೆ ಸ್ಪಿನ್ನಿನ ತಡೆಯುಂಟು. ಈ ಸಾವಧಾನಕ್ಕೆ ಮುಖ್ಯವಾದ ಕಾರಣಗಳಲ್ಲಿ ಇದೊಂದು. ಸೂಜಿಗಲ್ಲಿಗೆ ಓಗೊಡುವ ಗುಣವೇ ಜೀವಿಗಳನ್ನು ಉರಿಯಿಂದ ಕಾಯುವ ಗುಣವೂ ಆಗಿದೆ. ಎರಡು ಗೆರೆಗಳ ಚಿತ್ರವು ಇದನ್ನು ಮರೆಮಾಡುತ್ತದೆ. ಆಮ್ಲಜನಕವೆಂಬ ಹೆಸರನ್ನು ಅದರ ಹಳೆಯ ದೋಷದೊಡನೆಯೇ ಉಳಿಸಿಕೊಂಡಂತೆ ಈ ಚಿತ್ರವನ್ನೂ ಉಳಿಸಿಕೊಳ್ಳಬಹುದು; ಆದರೆ ಅದು ಎಲ್ಲಿಯವರೆಗೆ ಸತ್ಯವೆಂಬುದನ್ನು ಅದನ್ನು ಬರೆದ ಗಳಿಗೆಯಲ್ಲಿಯೇ ಹೇಳುವುದು ಉಪಾಧ್ಯಾಯನ ಧರ್ಮ.